ಬಿಲ್ಲೆ ನಂಬರ್ ಇನ್ನೂರ ಹದಿನಾಲ್ಕು

ಚಿಕ್ಕಮಗಳೂರು, ಕಾಫಿ ಕ್ಯೂರಿಂಗ್ ವರ್ಕ್ಸಿನ ಹಿಂದಿನ ಕೋಣೆ.
ಪರದೆಯೊಳಗೆ ಇನ್ನೊಂದು ಪರದೆ ಕೂರಿಸಲು
ಮೂರು ದಿನದಿಂದ ಕೂತಿದ್ದೇನೆ.
ಹೊರಗಿನದು ನಮ್ಮದು: ಗೇಟ್ ಪಾಸು, ಸಂಬಳ, ಲಾರಿ ಲೆಕ್ಕ.
ಒಳಗಿನದು ಬೇರೆ ಕಂಪನಿಯದು: ಕಂಬ, ಗೆರೆ, ಬಣ್ಣದ ಚಕ್ರ,
ಯಾವ ತೋಟದ ಚೀಲದಲ್ಲಿ ತೇವ ಎಷ್ಟು,
ಪೀಬೆರಿ ಎಷ್ಟು, ಒಡಕು ಎಷ್ಟು, ಕರಿಬೀಜ ಎಷ್ಟು.

ಮ್ಯಾನೇಜರ್ ಸಿಕ್ವೇರಾ ಅವರದು ಒಂದೇ ಮಾತು:
"ಎರಡೆರಡು ಸಲ ಪಾಸ್‌ವರ್ಡ್ ಕೇಳಬಾರದು ಕಣಮ್ಮ.
ಹೊಸಿಲು ದಾಟಿ ಬಂದವರನ್ನ
ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿ
ನೀನ್ಯಾರು ಅಂತ ಯಾರಾದರೂ ಕೇಳ್ತಾರಾ?"

ಕೆಲವರನ್ನ ಕೇಳ್ತಾರೆ ಸರ್,
ಅನ್ನಬೇಕೆನಿಸಿತು. ಅನ್ನಲಿಲ್ಲ.

ಕಾಗದದ ಮೇಲೆ ಕೆಲಸ ಇಷ್ಟೇ.
ನಮ್ಮ ಬಾಗಿಲು ಒಂದು ಚೀಟಿ ಬರೆಯುತ್ತದೆ:
ಇವರು ಇಂಥವರು, ಇಷ್ಟನ್ನು ನೋಡಬಹುದು,
ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ.
ಗುಟ್ಟಿನ ಕೀಲಿಯಿಂದ ಮೊಹರು ಒತ್ತುತ್ತದೆ.
ಆ ಬಾಗಿಲು ಮೊಹರು ಮೂಸಿ
ಮಾತಿಲ್ಲದೆ ಸರಿದು ನಿಲ್ಲುತ್ತದೆ.

ನಿಲ್ಲಲಿಲ್ಲ.
ಬಿಳಿ ಚೌಕ. ನಡುವೆ ಒಂದೇ ಸಾಲು:
ಈ ಚೀಟಿ ಇನ್ನೂ ಜಾರಿಗೆ ಬಂದಿಲ್ಲ.

ಕೀಲಿ ಬದಲಿಸಿದೆ. ಮೊಹರು ಬದಲಿಸಿದೆ.
ವಿಳಾಸದ ಕೊನೆಯ ಓರೆಗೆರೆ ತೆಗೆದೆ, ಹಾಕಿದೆ, ತೆಗೆದೆ.
ಸಹಾಯಕ್ಕೆ ಫೋನ್ ಮಾಡಿದರೆ
ಇಪ್ಪತ್ತು ನಿಮಿಷ ಕೊಳಲು ಕೇಳಿಸಿ ಕಟ್ ಮಾಡಿದರು.

ಅಷ್ಟರಲ್ಲಿ ಊಟ ಮುಗಿದ ಸೈರನ್ ಕೂಗಿತು, ಒಂದೂವರೆಯದು.
ನನ್ನ ಫೋನಿನಲ್ಲಿ ಒಂದು ಇಪ್ಪತ್ತಾರು.
ಗೇಟಿನ ತಿಮ್ಮಾಭೋವಿ ಬೀಡಿ ಆರಿಸುತ್ತ ನಕ್ಕ:
"ಒಳಗೆ ಕರೆಯೋ ಸೈರನ್ ನಾಲ್ಕು ನಿಮಿಷ ಮುಂಚೆ ಮೇಡಂ.
ಹೊರಗೆ ಬಿಡೋದು ಮಾತ್ರ ಕರೆಕ್ಟ್ ಟೈಮಿಗೆ.
ಹಳೇ ಧಣಿ ಕಾಲದ್ದು."

ಸರ್ವರ್ ಕೋಣೆಗೆ ಓಡಿದೆ.
ಯಾವನೋ ಪುಣ್ಯಾತ್ಮ ಅದರ ಗಡಿಯಾರವನ್ನೂ
ಸೈರನ್ನಿಗೆ ಹೊಂದಿಸಿಟ್ಟಿದ್ದ.
ನಮ್ಮ ಚೀಟಿ ತಾನು ಹುಟ್ಟುವ ಮೊದಲೇ ಹೋಗಿ
ಅವರ ಕದ ತಟ್ಟುತ್ತಿತ್ತು.
ತಿದ್ದಿದೆ.
ಚೌಕ ಒಮ್ಮೆ ಕಣ್ಣು ಮಿಟುಕಿಸಿತು,
ಕಂಬಗಳು ಎದ್ದು ನಿಂತವು.

ಮರುದಿನ ಒಂದು ಇಪ್ಪತ್ತಾರಕ್ಕೆ,
ಸೈರನ್ನಿಗೂ ಒಂದೂವರೆಗೂ ನಡುವೆ
ಯಾರ ಲೆಕ್ಕಕ್ಕೂ ಸೇರದ ಆ ಜಾಗದಲ್ಲಿ,
ಬೀಜ ಆರಿಸುವ ಹಾಲಿಗೆ ಹೊರಟಿದ್ದ ದಂಟರಮಕ್ಕಿಯ ಅಕ್ಕ
ನನ್ನ ಕಿಟಕಿಯ ಹತ್ತಿರ ನಿಂತಳು.
"ಆ ಕುಳ್ಳ ಕಂಬ ಯಾವುದವ್ವ?"
ಕರಿಬೀಜದ್ದು ಅಂದೆ. ಈ ವಾರ ಕಮ್ಮಿ ಬಂದಿದೆ.
"ಕಮ್ಮಿ ಬಂದದ್ದಲ್ಲ. ನಾವು ಆರಿಸಿ ತೆಗೆದದ್ದು.
ತೆಗೆದ ರಾಶಿಯ ಕಂಬ ಎಲ್ಲಿ?"

ಹುಡುಕಿದೆ. ಇರಲಿಲ್ಲ.

"ನನಗೂ ಒಂದು ದಾರಿ ಮಾಡಿಕೊಡು, ನೋಡ್ತೀನಿ."
ಹೊಸ ಬಳಕೆದಾರರ ಪುಟ ತೆರೆದೆ.
ಇಮೇಲ್ ಖಾನೆಯ ಪಕ್ಕ ಕೆಂಪು ನಕ್ಷತ್ರ.
ಪಾತ್ರದ ಖಾನೆಯಲ್ಲಿ ಮೂರೇ: ಮಾಲೀಕ, ಮ್ಯಾನೇಜರ್, ತೋಟದವರು.
ಇಮೇಲ್ ಐತಾ ಅಕ್ಕ?

ಸೆರಗಿನ ಗಂಟು ಬಿಚ್ಚಿದಳು.
ಹಿತ್ತಾಳೆ ಬಿಲ್ಲೆ. ಅಂಚು ಸವೆದು ನಾಲ್ಕಾಣೆಯಂತಾಗಿದೆ.
ಇನ್ನೂರ ಹದಿನಾಲ್ಕು.
"ಗೇಟಿಗೂ ಇದೇ. ಕ್ಯಾಂಟೀನಿಗೂ ಇದೇ.
ಶನಿವಾರದ ಬಟವಾಡೆಗೂ ಇದೇ.
ಮೂವತ್ತೊಂದು ವರ್ಷ ಆಯ್ತು,
ಇದ ತೋರಿಸಿದ ಮೇಲೆ ಯಾರೂ ಹೆಸರು ಕೇಳಿಲ್ಲ."

ನಾನು ಮೂರು ದಿನ ಒದ್ದಾಡಿ ಕಟ್ಟಿದ್ದೂ
ಇದನ್ನೇ ಅಲ್ಲವೆ.

ಇಮೇಲ್ ಜಾಗದಲ್ಲಿ ಬಿಲ್ಲೆಯ ನಂಬರ್ ಬರೆದು
ಅದರ ಮುಂದೆ ವರ್ಕ್ಸಿನ ಬಾಲ ಅಂಟಿಸಿದೆ.
ತಕರಾರಿಲ್ಲದೆ ನುಂಗಿತು.
ನಾಲ್ಕನೆಯ ಪಾತ್ರಕ್ಕೆ ಸಿಕ್ವೇರಾ ಸಹಿ ಬೇಕು,
ಸಂಜೆ ಕೇಳಬೇಕು, ಏನೆಂದು ಕೇಳಲಿ.
ಇನ್ನೊಂದು ನಕ್ಷತ್ರ ಉಳಿದಿತ್ತು.
"ಪೂರ್ತಿ ಹೆಸರೇನಕ್ಕ?"

ಅವಳು ಕೂಡಲೇ ಹೇಳಲಿಲ್ಲ.
ಬಿಲ್ಲೆಯನ್ನು ಮಗುಚಿ ನೋಡಿದಳು,
ಹಿಂದುಗಡೆ ಬರೆದಿದೆಯೇನೋ ಎಂಬಂತೆ.